ನಳ ಬಂದಾಗ ಮೊದಲು ಏಳುವವರು ಯಾರು?

ಎಚ್ಚರವಿದ್ದೂ ನಿದ್ದೆ ಬಂದವರಂತೆ ಮಲಗುವುದು ಸುಲಭದ ಕೆಲಸವಲ್ಲ. ಇಪ್ಪತ್ತು ವರ್ಷ ಆ ಅಭ್ಯಾಸ ಮಾಡಿದವನಾಗಿ ಹೇಳುತ್ತಿದ್ದೇನೆ. ಆಗ ಕೊಟ್ಟೂರಿನ ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ಬೆಳಗಿನ ಜಾವ ನಳದಲ್ಲಿ ನೀರು ಬರುತ್ತಿತ್ತು, ಅದೂ ಅರ್ಧ ತಾಸು. ಮೊದಲು ಬರುವುದು ಗಾಳಿ. ನಳ ಬುಸ್ಸೆನ್ನುತ್ತಿದ್ದಂತೆ ನಾನೂ ನನ್ನ ಹೆಂಡತಿ ಶಾಂತಳೂ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದ್ದೆವು. ಮೊದಲು ಎದ್ದವರು ಹನ್ನೆರಡು ಕೊಡ ತುಂಬಬೇಕು. "ನಿದ್ದಿ ಬಂದವ್ರು ಹಂಗ ಗೊರಕಿ ಹೊಡಿಯಂಗಿಲ್ರಿ. ನಿಮ್ಮ ಖರೇ ಗೊರಕಿ ನನಗ ಗೊತ್ತೈತಿ, ಏಳ್ರಿ" ಎನ್ನುತ್ತಿದ್ದಳು. ಹಾಗೆ ಮಾತಾಡಿದರೆ ತಾನು ಎಚ್ಚರವಿದ್ದೇನೆಂದು ಅವಳೇ ಒಪ್ಪಿಕೊಂಡಂತಲ್ಲವೇ? ನಾನು ಇನ್ನೂ ಜೋರಾಗಿ ಗೊರೆಯುತ್ತಿದ್ದೆ.

ನಾನು ಗುಮಾಸ್ತನಾಗಿದ್ದ ಹೈಸ್ಕೂಲಿನ ಲೆಕ್ಕದ ಮೇಷ್ಟ್ರಿಗೆ ಇದನ್ನು ಹೇಳಿದರೆ ಅವರು ನಗಲಿಲ್ಲ. "ಇದಕ್ಕ ಆಟದ ಸಿದ್ಧಾಂತ ಅಂತ ಒಂದು ಶಾಸ್ತ್ರನ ಐತ್ರಿ" ಎಂದರು. ಇಸ್ಪೀಟಿನಲ್ಲಿ ಎದುರಿನವನ ಎಲೆ ಕಾಣುವುದಿಲ್ಲ. ಅವನು ಏನು ಮಾಡಿಯಾನು, ನಾನು ಏನು ಮಾಡುವೆನೆಂದು ಅವನು ಎಣಿಸಿಯಾನು, ಇದನ್ನೆಲ್ಲ ಯೋಚಿಸಿ ಆಡಬೇಕು. ಅಂಥ ಆಟಗಳ ಗಣಿತವಾಗಿ ಹುಟ್ಟಿದ್ದು ಮುಂದೆ ವ್ಯಾಪಾರ, ಹರಾಜು, ಯುದ್ಧದವರೆಗೂ ಹೋಯಿತಂತೆ. "ನಿಮ್ಮ ಆಟದಾಗ ಇಬ್ರೂ ಏಳದಿದ್ರ ಇಬ್ರಿಗೂ ನೀರಿಲ್ಲ. ಆದ್ರ ನೀವು ಏಳೂದ ಇಲ್ಲ ಅಂತ ಅವ್ರಿಗೆ ಗಟ್ಟಿ ಆತಂದ್ರ, ಅವ್ರ ಏಳ್ತಾರ್ರಿ."

ಶಾಸ್ತ್ರ ನಂಬಿ ಮಲಗಿದೆ. ಅವಳು ಯಾವ ಶಾಸ್ತ್ರವನ್ನೂ ಓದದೆ ಮಲಗಿದಳು. ನೀರು ಬಂದು ಹೋಯಿತು. ಮೂರು ದಿನ ಸೈಕಲ್ಲಿಗೆ ಕೊಡ ಕಟ್ಟಿ ಬೋರಿನ ಉಪ್ಪುನೀರು ತಂದೆ. ಆದರೆ ಆ ಬೆಳಿಗ್ಗೆಯೂ ಚಹಾ ಸಿಹಿನೀರಿನದೇ ಇತ್ತು. ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಶಾಂತ ತೀರಿಕೊಂಡು ತಿಂಗಳಾದ ಮೇಲೆ, ಕೆಳಗಿನ ಮನೆಯ ಬಸಮ್ಮ ಬಾಗಿಲಿಗೆ ಬಂದಳು. "ಅಣ್ಣಾರ, ಅಕ್ಕನ ಕೊಡ ಕೊಡ್ರಿ, ತುಂಬಿಸಿ ಇಡ್ತೀನಿ. ನಮ್ಮ ಮನಿ ತಗ್ಗಿನಾಗ ಐತಲ್ರಿ, ನೀರು ಮೊದಲ ಬರ್ತೈತಿ. ಅಕ್ಕ ಸಪ್ಪಳ ಮಾಡದ ಬಂದು ಒಂದು ಕೊಡ ಕುಡಿಯೂ ನೀರು ಒಯ್ದಿಟ್ಟು, ಮತ್ತ ಹೋಗಿ ಮಲಗ್ತಿದ್ರು. 'ಅವ್ರು ಎದ್ರ ಎದ್ರು, ಇಲ್ಲಂದ್ರ ಚಹಾಕ್ಕರ ನೀರು ಇರ್ಲಿ' ಅಂತಿದ್ರು."

ನಾನು ಆಟ ಶುರುಮಾಡುವ ಮೊದಲೇ ಶಾಂತ ಎದ್ದು ಹೋಗಿ ಬಂದಿರುತ್ತಿದ್ದಳು. ಇಬ್ಬರಿಲ್ಲದೆ ಆಟವೇ ಇಲ್ಲ ಎನ್ನುತ್ತದೆ ಮೇಷ್ಟ್ರ ಶಾಸ್ತ್ರ. ಆದರೂ ಈಗಲೂ ನಳ ಬುಸ್ಸೆಂದಾಗ ಕಣ್ಣು ಮುಚ್ಚಿ ಸ್ವಲ್ಪ ಗೊರೆದು ನೋಡುತ್ತೇನೆ. ಸುಳ್ಳು ಗೊರಕೆಯೆಂದು ಯಾರೂ ಹೇಳದಿದ್ದಾಗ ಎದ್ದು ಹೋಗಿ ಹನ್ನೆರಡೂ ಕೊಡ ತುಂಬುತ್ತೇನೆ. ಒಬ್ಬನಿಗೆ ಎರಡು ಸಾಕು.