ಮಾರುಕಟ್ಟೆ ಶೌಚಾಲಯದ ಬೀಗದ ಕೈ ಮತ್ತು ಬಹುಮತ

ಪುರಸಭೆ ಕಾರ್ಯಾಲಯ
ಸಂಖ್ಯೆ: ಪುರ/ಆಡಳಿತ/ಬೀಗ/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಅಧ್ಯಕ್ಷರು ಯಾರೆಂದು ಇನ್ನೊಮ್ಮೆ ವಿಚಾರಿಸಿ ನಮೂದಿಸತಕ್ಕದ್ದು

ಸುತ್ತೋಲೆ

ವಿಷಯ: ಆಡಳಿತ ಪಕ್ಷ ಬದಲಾಗುವ ಸಂದರ್ಭಗಳಲ್ಲಿ ಸಿಬ್ಬಂದಿಯ ನಡವಳಿಕೆ ಹಾಗೂ ಉದ್ಘಾಟನೆಯಾಗದೆ ಬಳಕೆಗೆ ಬಂದ ಮಹಿಳಾ ಶೌಚಾಲಯದ ಕುರಿತು.

ಉಲ್ಲೇಖ: ೧. ಹಿಂದಿನ ಅಧ್ಯಕ್ಷರ ಮೌಖಿಕ ಆದೇಶ.
೨. ಅದನ್ನು ರದ್ದುಪಡಿಸಿದ ನಂತರದ ಅಧ್ಯಕ್ಷರ ಮೌಖಿಕ ಆದೇಶ.
೩. ಅವರೂ ಹಿಂದಿನ ಅಧ್ಯಕ್ಷರಾದ ಬಗ್ಗೆ ಮೆಟ್ಟಿಲ ಬಳಿ ಕೇಳಿಬಂದ ಮಾಹಿತಿ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಕಳೆದ ಚುನಾವಣೆಯಲ್ಲಿ ಎರಡೂ ಪಕ್ಷಗಳು ಸಮಸಮ ಸ್ಥಾನ ಗೆದ್ದವು. ಉಳಿದ ಒಂದೇ ಸ್ಥಾನವನ್ನು ಯಾವ ಪಕ್ಷಕ್ಕೂ ಸೇರದ, ಹೆರಿಗೆ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮನವರು ಗೆದ್ದರು. ಊರಿನ ಅರ್ಧ ಜನ ಕಣ್ಣು ಬಿಟ್ಟದ್ದೇ ಅವರ ಕೈಯಲ್ಲಿ. ಎರಡೂ ಪಕ್ಷಗಳ ನಾಯಕರೂ, ಕೆಳಗೆ ಸಹಿ ಮಾಡಿರುವ ಮುಖ್ಯಾಧಿಕಾರಿಯೂ ಆ ಅರ್ಧದಲ್ಲಿ ಸೇರಿದ್ದಾರೆ. ಆದ ಕಾರಣ ನರ್ಸಮ್ಮನವರು ಇವರಲ್ಲಿ ಯಾರನ್ನೂ ಬಹುವಚನದಲ್ಲಿ ಮಾತನಾಡಿಸುವುದಿಲ್ಲ. ಇದನ್ನು ಸಭಾ ನಿಯಮಗಳ ಉಲ್ಲಂಘನೆ ಎಂದು ಪರಿಗಣಿಸತಕ್ಕದ್ದಲ್ಲ.

೧. ನರ್ಸಮ್ಮನವರ ಬೇಡಿಕೆ ಒಂದೇ ಆಗಿತ್ತು. ಮಾರುಕಟ್ಟೆಯಲ್ಲಿ ಕಟ್ಟಿ ಮುಗಿಸಿ, ಬಣ್ಣ ಬಳಿದು, ಬೀಗ ಜಡಿದಿರುವ ಮಹಿಳೆಯರ ಶೌಚಾಲಯವನ್ನು ತೆರೆಯಬೇಕು. ಅಲ್ಲಿ ವ್ಯಾಪಾರಕ್ಕೆ ಕೂರುವ ಹೆಂಗಸರು ಮನೆಗೆ ಹೋಗುವವರೆಗೂ ನೀರು ಕುಡಿಯದೆ ಇರುವುದನ್ನು ರೂಢಿ ಮಾಡಿಕೊಂಡಿದ್ದರು. ಬಿರುಬೇಸಿಗೆಯ ಒಂದು ಮಧ್ಯಾಹ್ನ, ಅವರಲ್ಲಿ ಹಿರಿಯರಾದ ಸೊಪ್ಪಿನಕ್ಕ ತಮ್ಮ ಸೊಪ್ಪಿನ ಕಟ್ಟುಗಳ ಮೇಲೇ ತಲೆಸುತ್ತಿ ಬಿದ್ದರು. ನರ್ಸಮ್ಮ ಅವರನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ನೇರವಾಗಿ ಹೋಗಿ ನಾಮಪತ್ರ ಸಲ್ಲಿಸಿದರು.

೨. ತಾವು ಅಧ್ಯಕ್ಷರಾದ ಕೂಡಲೇ ಬೀಗ ತೆಗೆಸುವುದಾಗಿ ಒಂದು ಪಕ್ಷದ ನಾಯಕರಾದ ಟೈಲ್ಸ್ ಅಂಗಡಿಯವರು ಮಾತು ಕೊಟ್ಟರು. ನರ್ಸಮ್ಮ ಸಭೆಯಲ್ಲಿ ಅವರ ಪರ ಕೈ ಎತ್ತಿದರು; ಟೈಲ್ಸ್ ಅಂಗಡಿಯವರು ಅಧ್ಯಕ್ಷರಾದರು. ಶೌಚಾಲಯದ ಗೋಡೆಗೆ ಅವರ ಹೆಸರಿನ ಕಲ್ಲು ಕೂಡ ಬಂತು. ಆದರೆ ಉದ್ಘಾಟನೆಗೆ ಅವರ ಪಕ್ಷದ ದೊಡ್ಡವರೇ ಬರಬೇಕಿತ್ತು, ದೊಡ್ಡವರಿಗೆ ಪುರುಸೊತ್ತಿರಲಿಲ್ಲ. ಬೀಗದ ಕೈ ಮುಖ್ಯಾಧಿಕಾರಿಯ ಡ್ರಾಯರ್ ಸೇರಿತು. ಟೈಲ್ಸ್ ಅಂಗಡಿಯವರೆಂದರೆ ತನಗೆ ಮೊದಲಿನಿಂದಲೂ ಪ್ರಾಣ ಎಂಬುದು ಈ ಕಚೇರಿಗೆ ಅಂದೇ ನೆನಪಾಯಿತು.

೩. ಕಾದು ಬೇಸತ್ತ ನರ್ಸಮ್ಮ ಬೆಂಬಲ ವಾಪಸ್ ಪಡೆದು, ಇನ್ನೊಂದು ಪಕ್ಷದ ನಾಯಕರಾದ ಡ್ರೈವಿಂಗ್ ಸ್ಕೂಲಿನವರಿಗೆ ಕೈ ಎತ್ತಿದರು. ಹಳೆಯ ಕಲ್ಲನ್ನು ಕಿತ್ತು ಅದಕ್ಕಿಂತ ದೊಡ್ಡ ಕಲ್ಲನ್ನು ಕೂರಿಸಲಾಯಿತು. ಈ ಪಕ್ಷದ ದೊಡ್ಡವರಿಗೆ ಗಂಟಲು ಕೆಟ್ಟಿತ್ತು. ಭಾಷಣವಿಲ್ಲದೆ ಶೌಚಾಲಯ ತೆರೆಯುವುದು ಶೋಭೆಯಲ್ಲವೆಂದು ತೀರ್ಮಾನಿಸಲಾಯಿತು. ಬೀಗದ ಕೈ ಅದೇ ಡ್ರಾಯರಿನಲ್ಲಿ ಉಳಿಯಿತು. ಕಾರು ಇಲ್ಲದ ಗುಮಾಸ್ತರು ಸಹ ತಾವು ಕಾರು ಕಲಿತದ್ದು ಇವರ ಬಳಿಯೇ ಎಂದು ಹೇಳಿಕೊಂಡರು.

೪. ಮೇಲಿಂದ ಮೇಲೆ ಹೊಸ ಫಲಕ ಬರೆಸುವುದನ್ನು ತಪ್ಪಿಸಲು, ಅಧ್ಯಕ್ಷರ ಕೋಣೆಯ ಫಲಕದ ಎರಡು ಬದಿಗೂ ಒಬ್ಬೊಬ್ಬರ ಹೆಸರು ಬರೆಸಿ ಸರಪಳಿಯಲ್ಲಿ ತೂಗುಹಾಕಲಾಯಿತು. ಒಂದು ದಿನ ಗಾಳಿಗೆ ಫಲಕ ತಾನಾಗಿಯೇ ತಿರುಗಿತು. ಅದನ್ನು ನೋಡಿದ ಲೆಕ್ಕ ಶಾಖೆಯವರು ಇಡೀ ಮಧ್ಯಾಹ್ನ ಟೈಲ್ಸ್ ಅಂಗಡಿಯವರಿಗೆ ಅಭಿನಂದನೆ ಸಲ್ಲಿಸಿದರು. ಅವರೂ ಸಂತೋಷದಿಂದ ಸ್ವೀಕರಿಸಿದರು. ಇಂಥದ್ದು ಮರುಕಳಿಸದಂತೆ ಈ ಕೆಳಕಂಡ ಕ್ರಮಗಳನ್ನು ಪಾಲಿಸುವಂತೆ ತಿಳಿಸಿದೆ:

(ಅ) ಬಹುಮತ ಖಚಿತವಾಗುವವರೆಗೆ ನಗುವಾಗ ಹಲ್ಲು ಕಾಣಿಸತಕ್ಕದ್ದಲ್ಲ.
(ಆ) ಯಾವುದೇ ನಾಯಕರು ಒಳಬಂದಾಗ ಕುರ್ಚಿಯಿಂದ ಅರ್ಧ ಮಾತ್ರ ಏಳತಕ್ಕದ್ದು. ಮಂಡಿನೋವು ಇರುವವರು ಎದ್ದಂತೆ ಮುಖಭಾವ ತೋರಿಸಿದರೆ ಸಾಕು.
(ಇ) "ನಾನು ಮೊದಲಿಂದಲೂ ನಿಮ್ಮವನೇ" ಎಂಬ ವಾಕ್ಯವನ್ನು ಇಬ್ಬರೂ ನಾಯಕರಿಗೆ ಒಟ್ಟಿಗೆ ಕೇಳಿಸುವಂತೆ ಬಳಸತಕ್ಕದ್ದಲ್ಲ. ಒಬ್ಬರಿಗೆ ಮೆಟ್ಟಿಲ ಬಳಿ, ಇನ್ನೊಬ್ಬರಿಗೆ ಸೈಕಲ್ ಸ್ಟ್ಯಾಂಡಿನಲ್ಲಿ ಹೇಳುವುದು.
(ಈ) ಈ ಕಲೆಯಲ್ಲಿ ದೀರ್ಘ ಅನುಭವವಿರುವ ಮುಖ್ಯಾಧಿಕಾರಿಗೆ ತರಬೇತಿಯಿಂದ ವಿನಾಯಿತಿ ನೀಡಲಾಗಿದೆ.

೫. ನರ್ಸಮ್ಮ ಎರಡನೆಯ ಸಲವೂ ಬೆಂಬಲ ಹಿಂಪಡೆದು, ಮರುದಿನ ಬೆಳಿಗ್ಗೆ ಮುಖ್ಯಾಧಿಕಾರಿಯ ಕೋಣೆಗೆ ಬಂದರು. ಆಸ್ಪತ್ರೆಯಿಂದ ಬಂದು ಮತ್ತೆ ವ್ಯಾಪಾರಕ್ಕೆ ಕೂತಿದ್ದ ಸೊಪ್ಪಿನಕ್ಕ ಅವರ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದರು. ಸದ್ಯ ಅಧ್ಯಕ್ಷರೇ ಇಲ್ಲ, ದೊಡ್ಡವರು ದಿನಾಂಕ ಕೊಟ್ಟಿಲ್ಲ, ಸ್ವಲ್ಪ ತಾಳ್ಮೆ ಇರಲಿ ಎಂದು ಮುಖ್ಯಾಧಿಕಾರಿ ಸವಿವರವಾಗಿ ತಿಳಿಸಿದರು. ನರ್ಸಮ್ಮ ಪೂರ್ತಿ ಕೇಳಿಸಿಕೊಂಡರು. ಅನಂತರ ಅವರು ಆಡಿದ ಮಾತನ್ನು ದಾಖಲೆಗಾಗಿ ಯಥಾವತ್ತಾಗಿ ಇಲ್ಲಿ ಕೊಡಲಾಗಿದೆ:

"ನೀನು ಹುಟ್ಟೋವಾಗ ದೊಡ್ಡ ಡಾಕ್ಟ್ರು ಊರಲ್ಲಿರ್ಲಿಲ್ಲ ಕಣಪ್ಪ. ಅವರು ಬರೋವರೆಗೂ ತಡ್ಕೋ ಅಂತ ನಿಮ್ಮಮ್ಮಂಗೆ ನಾನು ಹೇಳಿದ್ನಾ? ಬೀಗದ ಕೈ ಕೊಡು."

ಇದಕ್ಕೆ ಅನ್ವಯಿಸುವ ನಿಯಮ ಮುಖ್ಯಾಧಿಕಾರಿಗೆ ಸಿಗಲಿಲ್ಲ. ತಲೆ ಎತ್ತಿ ನೋಡುವ ಧೈರ್ಯವೂ ಆಗಲಿಲ್ಲ. ಡ್ರಾಯರನ್ನು ತೆರೆದು ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟವರು ಯಾರು ಎಂಬ ಬಗ್ಗೆ ಇಲಾಖಾ ವಿಚಾರಣೆಗೆ ಆದೇಶಿಸಲಾಗಿದೆ. ವಿಚಾರಣಾಧಿಕಾರಿಯಾಗಿ ಮುಖ್ಯಾಧಿಕಾರಿಯನ್ನೇ ನೇಮಿಸಲಾಗಿದ್ದು, ಈವರೆಗೆ ಅವರು ಎಷ್ಟು ಕರೆದರೂ ವಿಚಾರಣೆಗೆ ತಾವೇ ಸಿಕ್ಕಿರುವುದಿಲ್ಲ.

೬. ಬೀಗ ತುಕ್ಕು ಹಿಡಿದಿತ್ತು. ಪಕ್ಕದ ಹೊಲಿಗೆ ಯಂತ್ರ ರಿಪೇರಿಯವರು ಎಣ್ಣೆ ಬಿಟ್ಟು ಅಲುಗಾಡಿಸಿದ ಮೇಲೆ ಬಾಗಿಲು ತೆರೆಯಿತು. ಮೊದಲು ಒಳಗೆ ಹೋದವರು ಸೊಪ್ಪಿನಕ್ಕ. ಹೊರಗೆ ಬಂದವರೇ ಎದುರಿನ ಹೋಟೆಲಿನವರಿಂದ ಒಂದು ಚೊಂಬು ನೀರು ಕೇಳಿ ಪಡೆದು, ಎಲ್ಲರ ಎದುರು ನಿಂತು, ಆತುರವಿಲ್ಲದೆ ಅಷ್ಟನ್ನೂ ಕುಡಿದರು. ಸ್ಥಳ ಪರಿಶೀಲನೆಯ ನೆಪದಲ್ಲಿ ಹಿಂದೆಯೇ ಹೋಗಿದ್ದ ಮುಖ್ಯಾಧಿಕಾರಿ ಬಹಳ ಹೊತ್ತು ಗೋಡೆಯ ಕಲ್ಲನ್ನೇ ಓದುತ್ತಿದ್ದರೆಂದು ವರದಿಯಾಗಿದೆ.

೭. ಸುದ್ದಿ ತಿಳಿದು ಟೈಲ್ಸ್ ಅಂಗಡಿಯವರು ಒಂದು ಗೇಟಿನಿಂದಲೂ ಡ್ರೈವಿಂಗ್ ಸ್ಕೂಲಿನವರು ಇನ್ನೊಂದು ಗೇಟಿನಿಂದಲೂ ಕತ್ತರಿ ಹಿಡಿದು ಓಡಿಬಂದರು. ಅಷ್ಟರಲ್ಲಿ ಹೆಂಗಸರ ಸಾಲು ಬೆಳೆದಿತ್ತು. ಬಳಕೆಯಲ್ಲಿರುವ ಶೌಚಾಲಯವನ್ನು ಉದ್ಘಾಟಿಸಲು ಅವಕಾಶವಿಲ್ಲವೆಂದು ಮುಖ್ಯಾಧಿಕಾರಿ ಅಭಿಪ್ರಾಯ ನೀಡಿದರು. ಸೇವಾವಧಿಯಲ್ಲಿ ಇದು ಅವರ ಮೊದಲ ಸ್ವಂತ ಅಭಿಪ್ರಾಯವಾದ್ದರಿಂದ ಅವರಿಗೆ ಅರ್ಧ ದಿನದ ರಜೆ ಮಂಜೂರು ಮಾಡಲಾಗಿದೆ.

೮. ಮುಂದಿನ ಸಭೆಯಲ್ಲಿ ಇಬ್ಬರೂ ನಾಯಕರು ನರ್ಸಮ್ಮನವರ ಕೈಯನ್ನೇ ನೋಡುತ್ತ ಕುಳಿತರು. ನರ್ಸಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ತಾನು ಆಗದಿದ್ದರೂ ಚಿಂತೆಯಿಲ್ಲ, ಅವನು ಆಗಬಾರದು ಎಂಬ ವಿಷಯದಲ್ಲಿ ಎರಡೂ ಪಕ್ಷಗಳ ನಡುವೆ ಮೊದಲ ಬಾರಿಗೆ ಒಮ್ಮತ ಮೂಡಿದ್ದರಿಂದ ನರ್ಸಮ್ಮನವರೇ ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾದರು. ಅವರ ಮೊದಲ ಆದೇಶ: ಟ್ಯಾಂಕಿಗೆ ದಿನಾಲೂ ನೀರು ತುಂಬಿಸುವುದು. ಎರಡನೆಯದು: ತಮ್ಮನ್ನು ಕಂಡಾಗ ಯಾರೂ ಏಳದೆ ಕೆಲಸ ನೋಡಿಕೊಳ್ಳುವುದು.

೯. ಹೊಸ ಅಧ್ಯಕ್ಷರನ್ನು ತಾವು ಮೊದಲಿನಿಂದಲೂ ಮೆಚ್ಚಿಕೊಂಡಿದ್ದುದಾಗಿ ಸಿಬ್ಬಂದಿ ಹೇಳುತ್ತಿದ್ದಾರೆ. ಈ ಬಾರಿ ಅದು ನಿಜವಾಗಿರುವುದರಿಂದ, ಅಭ್ಯಾಸವಿಲ್ಲದೆ ಹಲವರಿಗೆ ಮುಖ ಹೇಗಿಟ್ಟುಕೊಳ್ಳಬೇಕೆಂದು ತೋಚುತ್ತಿಲ್ಲ. ಅಂಥವರು ಮುಖವನ್ನು ಸದ್ಯಕ್ಕೆ ಇದ್ದಂತೆಯೇ ಬಿಡಲು ಈ ಮೂಲಕ ಅನುಮತಿಸಲಾಗಿದೆ.

ಸಹಿ/-
ಮುಖ್ಯಾಧಿಕಾರಿ
(ಅಧ್ಯಕ್ಷರ ಪ್ರಕಾರ: "ಆ ಅಳುಬುರುಕ ಮಗು")

ಪ್ರತಿಗಳು:
೧. ಟೈಲ್ಸ್ ಅಂಗಡಿಯವರಿಗೆ ಮತ್ತು ಡ್ರೈವಿಂಗ್ ಸ್ಕೂಲಿನವರಿಗೆ, ಒಂದೇ ಅಳತೆಯ ಲಕೋಟೆಯಲ್ಲಿ, ಒಂದೇ ಕ್ಷಣದಲ್ಲಿ.
೨. ಎರಡೂ ಪಕ್ಷಗಳ ದೊಡ್ಡವರಿಗೆ, ಪುರುಸೊತ್ತಾದಾಗ ಓದಲು.
೩. ಕಲ್ಲು ಕೆತ್ತುವವರಿಗೆ: ಮೂರನೆಯ ಕಲ್ಲು ಬೇಡ.
೪. ಮಾರುಕಟ್ಟೆಯ ಮಹಿಳೆಯರಿಗೆ: ಈ ಪ್ರತಿ ಕೈಸೇರುವವರೆಗೆ ಕಾಯಬೇಕಾಗಿಲ್ಲ. ಬಾಗಿಲು ತೆಗೆದಿದೆ.