ಫಾರಂನಲ್ಲಿ ಬರೆದ ಮನೆಮಾತು

ಒಂದು ಪದ, ಒಂದೇ ಒಂದು ಪದ ತಪ್ಪು ಬರೆದಿದ್ದಕ್ಕೆ ಗಂಡಸಿಗೆ ಇಷ್ಟೊಂದು ಶಿಕ್ಷೆಯೇ ಎಂದು ಸೋಫಾ ರಾಯರು ಮೂರು ದಿನದಿಂದ ಗೋಡೆಯನ್ನು ಕೇಳುತ್ತಿದ್ದರು. ಹೆಂಡತಿಯನ್ನು ಕೇಳುವ ಧೈರ್ಯ ಇರಲಿಲ್ಲ. (ಸೋಫಾ ರಾಯರು ಎಂಬುದು ಆಕೆಯೇ ದಯಪಾಲಿಸಿದ ಬಿರುದು. ಈ ಪರದೇಶದ ಒಂದು ಅಂಗಡಿಯಲ್ಲಿ ಹದಿಮೂರು ವರ್ಷದಿಂದ ಸೋಫಾ, ಕುರ್ಚಿ, ಹಾಸಿಗೆ ಮಾರುತ್ತಿರುವ ಮನುಷ್ಯನಿಗೆ ಇನ್ನೆಂಥ ಬಿರುದು ಸಿಕ್ಕೀತು?)

ಮೊದಲ ಹನ್ನೊಂದು ವರ್ಷ ಒಬ್ಬರೇ ಇದ್ದು, ಎರಡು ವರ್ಷದ ಹಿಂದೆ ರಾಯರು ಹೆಂಡತಿ, ಮಗಳನ್ನು ಕರೆಸಿಕೊಂಡರು. ಹದಿನೈದರ ಮಗಳನ್ನು ಹೈಸ್ಕೂಲಿಗೆ ಸೇರಿಸುವಾಗ ಫಾರಂನಲ್ಲಿ 'ಮನೆಯಲ್ಲಿ ಆಡುವ ಭಾಷೆ' ಎಂಬ ಕಲಂ ಬಂತು. ಕನ್ನಡ ಎಂದು ಬರೆದರೆ ಇಂಗ್ಲಿಷ್ ಬಾರದವರ ಬೇರೆ ಕೋಣೆಯಲ್ಲಿ ಕೂರಿಸುತ್ತಾರೆಂದು ಯಾರೋ ಹೆದರಿಸಿದ್ದರು. ರಾಯರ ಮಗಳು ಬೇರೆ ಕೋಣೆಯಲ್ಲಿ ಕೂರುವುದೇ? ಉಂಟೇ? ಪೆನ್ನು ಒತ್ತಿ ಹಿಡಿದು 'ಇಂಗ್ಲಿಷ್' ಎಂದು ಬರೆದು, ಅಡಿಗೆರೆಯನ್ನೂ ಎಳೆದರು.

ಈಗ ಶಾಲೆ ಮುಗಿಸುವ ಕಾಲ. ಸರ್ಕಾರದ ದೊಡ್ಡ ಪರೀಕ್ಷೆ ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ಅವಳು ಆಸೆಪಟ್ಟ ನರ್ಸಿಂಗ್ ಇಲ್ಲ. ಹೊಸದಾಗಿ ಭಾಷೆ ಕಲಿಯುವ ಮಕ್ಕಳಿಗೆ ಒಂದು ಗಂಟೆ ಹೆಚ್ಚು ಸಮಯ, ಜೊತೆಗೊಂದು ಡಿಕ್ಷನರಿ ಕೊಡುತ್ತಾರೆ. ಮನೆಮಾತೇ ಇಂಗ್ಲಿಷ್ ಆದವಳಿಗೆ ಅದೆಲ್ಲ ಯಾಕೆ? ಹುಡುಗಿ ಲೆಕ್ಕದಲ್ಲಿ ಜಾಣೆ. ಅಭ್ಯಾಸ ಪರೀಕ್ಷೆಯಲ್ಲಿ ಗೋಡೆಗೆ ಒರಗಿಸಿದ ಏಣಿಯ ಉದ್ದ ಕೇಳಿದ್ದರು. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಆ ಇಂಗ್ಲಿಷಿನಲ್ಲಿ ಏಣಿಯನ್ನು ಏನು ಮಾಡಿದ್ದಾರೆ ಎಂಬುದೇ ತಿಳಿಯದೆ ಹಾಳೆ ಖಾಲಿ ಬಿಟ್ಟು ಬಂದಳು. ಬಂದವಳು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಿದ್ದು ರಾಯರಿಗೂ ಕೇಳಿಸಿತ್ತು.

ಫಾರಂ ತಿದ್ದಲು ಒಂದೇ ದಾರಿ ಉಳಿದಿತ್ತು. ಸಹಿ ಹಾಕಿದವರೇ ಪರೀಕ್ಷಾ ಕಚೇರಿಗೆ ಹೋಗಬೇಕು. ಅಲ್ಲಿಯ ಮೇಡಂ ಮಾತಾಡಿಸಿ ನೋಡಿ, ಮನೆಯಲ್ಲಿ ಇಂಗ್ಲಿಷ್ ಇಲ್ಲವೆಂದು ಮನಗಂಡರೆ ಸೀಲು ಒತ್ತುತ್ತಾರೆ.

"ನೋಡ್ರೀ, ಅಲ್ಲಿ ಬಾಯಿ ಬಿಡಬೇಡಿ," ಎಂದರು ಹೆಂಡತಿ. "ಏನು ಕೇಳಿದ್ರೂ 'ನೋ ಇಂಗ್ಲಿಷ್' ಅನ್ನಿ, ಅಷ್ಟೇ."

"ನಾನಾ? ಹದಿಮೂರು ವರ್ಷ ಇಂಗ್ಲಿಷಲ್ಲೇ ವ್ಯಾಪಾರ ಮಾಡಿದೋನು ಪೆದ್ದನ ಥರ ಕೂರ್ಬೇಕಾ?"

"ಮನೇಲಿ ದಿನಾ ಕೂರ್ತೀರಲ್ಲ, ಒಂದಿನ ಅಲ್ಲೂ ಕೂತ್ಕೊಳ್ಳಿ."

"ಸುಳ್ಳು ಹೇಳು ಅಂತೀಯಲ್ಲೇ!"

"ಫಾರಂನಲ್ಲಿ ಬರೆದ್ರಲ್ಲ, ಅದೇನು ಸತ್ಯವಾ?"

ನಿಜ ಹೇಳಬೇಕೆಂದರೆ ಆಕೆ ಹೇಳಿಕೊಟ್ಟದ್ದು ಅಷ್ಟೇನೂ ಸುಳ್ಳಲ್ಲ. ರಾಯರ ಇಂಗ್ಲಿಷು ಅಂಗಡಿಯ ಬಾಗಿಲು ದಾಟಿದ್ದೇ ಇಲ್ಲ. ಸ್ಪ್ರಿಂಗು, ಸ್ಪಂಜು, ಚರ್ಮದ ವಿಷಯ ಬಂದರೆ ವಾಗ್ಝರಿ. ಹೊರಗೆ ಡಾಕ್ಟರಿಗೆ ಹಲ್ಲುನೋವು ಎನ್ನಬೇಕಾದರೆ ಬಾಯಿ ತೆರೆದು ತೋರಿಸುವುದೇ.

ಕಚೇರಿಗೆ ಹೋಗುವ ಬಸ್ಸಿನಲ್ಲಿ ಮಗಳು, "ಆ ಒಂದು ಗಂಟೆ ಸಿಕ್ರೆ ಸಾಕಪ್ಪ, ಹೇಗಾದ್ರೂ ಪಾಸಾಗ್ತೀನಿ," ಎಂದಳು. ರಾಯರು ಅವಳ ತಲೆ ಸವರಿದರು. ಆ ತಲೆ ಚಿಕ್ಕದಾಗಿದ್ದಾಗ ಸವರಲು ಅವರು ಊರಿನಲ್ಲಿರಲಿಲ್ಲ.

ಮೇಡಂ ಮೊದಲು ಹುಡುಗಿಯನ್ನು ಕರೆದು ಎರಡು ಪ್ರಶ್ನೆ ಕೇಳಿದರು. ಹೆದರಿದ ಹುಡುಗಿ ನೆಲ ನೋಡಿ ತಲೆಯಾಡಿಸಿ ಹೊರಬಂದು, ಗಾಜಿನ ಬಾಗಿಲಾಚೆಯ ಬೆಂಚಿನ ಮೇಲೆ ಕುಳಿತಳು. ಆಮೇಲೆ ಒಳಹೋದ ರಾಯರು ಮೌನವ್ರತಧಾರಿಯಾಗಿ ಕೂತು, ಕೇಳಿದ ಮೂರು ಪ್ರಶ್ನೆಗೂ "ನೋ ಇಂಗ್ಲಿಷ್" ಎಂದರು. ಮೇಡಂ ಏನೋ ಗೀಚಿಕೊಂಡು ಸೀಲಿನತ್ತ ಕೈ ಚಾಚಿದರು.

ಚಾಚಿದ ಕೈ ಅರ್ಧದಲ್ಲೇ ನಿಂತಿತು. ಕುರ್ಚಿ 'ಕಿರ್ರ್' ಎಂದಿತು. ಮೇಡಂ ಸೊಂಟ ಹಿಡಿದುಕೊಂಡು, ಈ ಬೆನ್ನು ನೋವು ನನ್ನನ್ನು ಕೊಲ್ಲುತ್ತದೆ ಎಂದು ತಮ್ಮಷ್ಟಕ್ಕೇ ನರಳಿದರು.

ರಾಯರು ತುಟಿ ಕಚ್ಚಿದರು. ಹೆಂಡತಿಯನ್ನು ನೆನೆದರು. ಕುರ್ಚಿ ಮತ್ತೊಮ್ಮೆ ಕಿರುಗುಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣ ಅದಕ್ಕಿಂತ ಕೆಟ್ಟದ್ದು.

"ಮೇಡಂ, ತಪ್ಪು ನಿಮ್ಮ ಬೆನ್ನಿನದಲ್ಲ, ಕುರ್ಚಿಯದು!" ಎಂದು ಅಪ್ಪಟ ಇಂಗ್ಲಿಷಿನಲ್ಲಿ ಹೇಳುತ್ತಾ ಎದ್ದೇಬಿಟ್ಟರು. ಕುರ್ಚಿಯ ಹಿಂದೆ ಹೋಗಿ ಒತ್ತಿದರು, ಸೀಟಿನ ಎತ್ತರ ಸರಿಮಾಡಿದರು, ಬೆನ್ನೆಲುಬಿನ ಮೂಳೆಗಳ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟರು. ಮೇಡಂ ಬೆರಗಾದರು, ನಕ್ಕರು, ಎದ್ದುನಿಂತು ಕೈ ಕುಲುಕಿದರು. ಮನೆಯಲ್ಲಿ ಇಂಥ ಇಂಗ್ಲಿಷ್ ಇರುವಾಗ ಹುಡುಗಿಗೆ ವಿನಾಯಿತಿ ಕೊಡಲು ನಿಯಮ ಒಪ್ಪುವುದಿಲ್ಲ, ಅವಳಿಗೆ ನಾಚಿಕೆ ಅಷ್ಟೇ, ಎಂದು ಬಹಳ ಪ್ರೀತಿಯಿಂದ ಹೇಳಿ ಫೈಲು ಮುಚ್ಚಿದರು.

ಹನ್ನೊಂದು ವರ್ಷ ನನ್ನ ಮನೆಯಲ್ಲಿ ಮಾತಾಡಲು ಜನವೇ ಇರಲಿಲ್ಲ ಮೇಡಂ, ಮಾರಾಟಕ್ಕೆ ಬೇಕಾದಷ್ಟೇ ಕಲಿತೆ, ಮಗುವಿಗೆ ಅದೂ ಬಾರದು, ನನ್ನ ಜಂಬಕ್ಕೆ ಅವಳನ್ನು ಬಲಿಕೊಡಬೇಡಿ ಎಂದು ರಾಯರು ಹೇಳಬೇಕಿತ್ತು. ಅದಕ್ಕೆ ಬೇಕಾದ ಒಂದು ಪದವೂ ಸೋಫಾದ ಇಂಗ್ಲಿಷಿನಲ್ಲಿ ಇರಲಿಲ್ಲ. ಕೊನೆಗೆ ಬಾಯಿಂದ ಹೊರಟಿದ್ದು "ನೋ ಇಂಗ್ಲಿಷ್" ಎಂಬುದೊಂದೇ. ಎಂಥ ತಮಾಷೆಯ ಮನುಷ್ಯ ಎಂದು ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊರಗೆ ಮಗಳು ಆಗಲೇ ತಾಯಿಗೆ ಫೋನು ಹಚ್ಚಿದ್ದಳು. "ಅಮ್ಮಾ, ಕೆಲಸ ಆಯ್ತು! ಗಾಜಿಂದ ನೋಡ್ತಾ ಇದ್ದೆ. ಅಪ್ಪ ಎಷ್ಟು ಮಾತಾಡಿದ್ರು ಗೊತ್ತಾ? ಮೇಡಂ ನಕ್ಕು ಕೈ ಬೇರೆ ಕುಲುಕಿದ್ರು!"

"ಏನು? ಮಾತಾಡಿದ್ರಾ?" ಎಂದಿತು ಫೋನು. ಅಷ್ಟರಲ್ಲಿ ರಾಯರು ಬಾಗಿಲು ತಳ್ಳಿಕೊಂಡು ಹೊರಬಂದರು.

"ಅಪ್ಪಾ, ಡಿಕ್ಷನರಿ ಅವರೇ ಕೊಡ್ತಾರಾ, ನಾವೇ ತಗೊಂಡು ಹೋಗ್ಬೇಕಾ?"

"ಕೊಡಲ್ಲವಂತೆ ಕಣಮ್ಮ."

"ಆ ಒಂದು ಗಂಟೆ?"

"ಅದೂ ಇಲ್ಲವಂತೆ."

ಹುಡುಗಿಯ ಮುಖದ ಮೇಲಿನ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಮತ್ತೆ ಅವರು ಅಷ್ಟು ಖುಷಿಯಾಗಿ ನಕ್ಕಿದ್ದು ಯಾಕಪ್ಪ?"

ರಾಯರು ತಲೆ ಎತ್ತಲಿಲ್ಲ.

"ಶನಿವಾರ ಅಂಗಡಿಗೆ ಬರ್ತಾರಂತಮ್ಮ," ಎಂದರು. "ಕುರ್ಚಿ ತಗೊಳ್ಳೋಕೆ."