ಬನ್ನಂಜೆಯ ಬಾಡಿಗೆಯೂ ‘ಕೊಡುವ’ ಎಂಬ ಮಾತೂ

ಬನ್ನಂಜೆಯಲ್ಲಿರುವ ನನ್ನ ಹೆಂಚಿನ ಮನೆಯನ್ನು ಬಾಡಿಗೆದಾರರಾಗಿ ಬೆಳಗುತ್ತಿರುವ ಜವಳಿ ವ್ಯಾಪಾರಿ ಶ್ರೀ ಮುದ್ದಣ್ಣನವರ ಸನ್ನಿಧಿಗೆ, ಕಾರ್ಕಳದಿಂದ ಕನ್ನಡ ಪಂಡಿತ ಹೃಷೀಕೇಶ ಉಪಾಧ್ಯ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು, ತಮ್ಮ ಧರ್ಮಪತ್ನಿ ಸರಸಕ್ಕ ಮತ್ತು ದೀಪಾವಳಿಗೆ ಕೊಂಡ ಹೊಸ ರೇಡಿಯೋ, ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಖಾಸಗಿಯಾಗಿ ಬರೆದ ಕಾಗದಗಳನ್ನು ಒಡೆಯಲು ತಮಗೆ ಬಿಡುವಾಗಲಿಲ್ಲವೆಂದು ತಿಳಿಯಿತು. ಪತ್ರಿಕೆಯನ್ನಾದರೆ ಅಂಗಡಿಯಲ್ಲಿ ಕುಳಿತು ಒಂದಕ್ಷರ ಬಿಡದೆ ಓದುವಿರೆಂದು ಕೇಳಿ, ಸಂಪಾದಕರ ಕೈಕಾಲು ಹಿಡಿದು ಇದನ್ನು ಇಲ್ಲಿ ಅಚ್ಚು ಹಾಕಿಸಿದ್ದೇನೆ.

ಮೊದಲಿಗೆ ತಮ್ಮ ಉಪಚಾರವನ್ನು ಹೊಗಳದಿದ್ದರೆ ನಾನು ಕೃತಘ್ನನಾದೇನು. ಹೋದ ಮಳೆಗಾಲದಿಂದ ನಿಂತಿರುವ ಬಾಡಿಗೆಯನ್ನು ಕೇಳಲು ಬಂದಾಗಲೆಲ್ಲ ತಾವು ಕಾಲಿಗೆ ನೀರು ಕೊಟ್ಟು, ಬಿಸಿ ಗೋಳಿಬಜೆ ತಿನ್ನಿಸಿ, ನನ್ನ ಮನೆಯಲ್ಲಿ ನಾನೇ ನೆಂಟನೆಂಬ ಭಾವನೆ ಬರುವಂತೆ ನೋಡಿಕೊಂಡಿದ್ದೀರಿ. ಕೊನೆಗೆ ಬಸ್ಸು ಹತ್ತಿಸಿ, ನನ್ನ ಟಿಕೇಟಿನ ದುಡ್ಡನ್ನೂ ಕಂಡಕ್ಟರನಿಗೆ ತಾವೇ ಕೊಟ್ಟು, ಕಿಟಕಿಯ ಹೊರಗಿನಿಂದ “ಬಾಡಿಗೆ ಕೊಡುವ ಮಾಷ್ಟ್ರೇ, ಕೊಡುವ” ಎಂದು ಕೈಬೀಸಿದ್ದೀರಿ. ಹೊಟ್ಟೆ ತುಂಬಿದ ನಾನೂ ಕೈಬೀಸಿದ್ದೇನೆ.

ಮಕ್ಕಳಿಗೆ ವ್ಯಾಕರಣ ಕಲಿಸಿ ಬದುಕುವ ನನಗೆ ಈ ‘ಕೊಡುವ’ ನಿದ್ದೆ ಕೆಡಿಸಿದೆ. ಪಠ್ಯಪುಸ್ತಕದಲ್ಲಿ ಅದರ ಮುಂದೆ ಏನಾದರೂ ಬರಲೇಬೇಕು: ಕೊಡುವ ಕೈ, ಕೊಡುವ ದಿನ. ನಮ್ಮ ಕರಾವಳಿಯಲ್ಲಿ ಮಾತ್ರ ಮುಂದೆ ಏನೂ ಬರುವುದಿಲ್ಲ. ಇಲ್ಲಿ ಅದರ ಅರ್ಥ ‘ಕೊಡೋಣ’. ಕೊಡೋಣ ಎಂದರೆ ತಾವೊಬ್ಬರೇ ಅಲ್ಲ, ನಾನೂ ಸೇರಿ. ತಮ್ಮ ಬಾಡಿಗೆ ತೀರಿಸುವ ಭಾರದಲ್ಲಿ ನನ್ನನ್ನು ಇಷ್ಟು ಆತ್ಮೀಯವಾಗಿ ಸೇರಿಸಿಕೊಂಡಿರುವ ತಾವು, ನನ್ನ ಪಾಲನ್ನು ನಾನು ನನ್ನ ಯಾವ ಕೈಯಿಂದ ಯಾವ ಕೈಗೆ ಕೊಡಬೇಕೆಂಬುದನ್ನೂ ದಯವಿಟ್ಟು ತಿಳಿಸಬೇಕು.

ನನ್ನ ಸಂಬಳವೆಲ್ಲ ಆ ಮನೆ ಕಟ್ಟಿದ ಸಾಲದ ಕಂತಿಗೆ ಹೋಗುತ್ತದೆಂದೂ, ಕಾರ್ಕಳದಲ್ಲಿ ನಾನಿರುವ ಕೋಣೆಯ ಬಾಡಿಗೆಗೆ ತಮ್ಮ ಬಾಡಿಗೆಯೇ ಆಗಬೇಕೆಂದೂ ತಮಗೆ ಗೊತ್ತಿದೆ. ಮೊನ್ನೆ ಕೋಣೆಯ ಒಡತಿ ಗುಣವತಿಯಮ್ಮನವರು ಬಾಗಿಲಲ್ಲಿ ನಿಂತು ಬಾಕಿ ಕೇಳಿದರು. ನಾನು ಬಾಯಿ ತೆರೆದರೆ ಹೊರಬಿದ್ದದ್ದು ತಮ್ಮ ‘ಕೊಡುವ’. ಅವರು ತಮ್ಮಷ್ಟು ಸಹೃದಯರಲ್ಲ. “ನೀವು ಕೊಡಿ ಮಾಷ್ಟ್ರೇ, ನನ್ನನ್ನು ಎಂತಕ್ಕೆ ಸೇರಿಸುವುದು? ಕೊಡದಿದ್ದರೆ ಆದಿತ್ಯವಾರ ಕೋಣೆ ಬಿಡಿ” ಎಂದರು. ನನಗೆ ನಾಚಿಕೆಯಾಯಿತು. ಈ ಮಾತು ಬನ್ನಂಜೆಯಲ್ಲಿ ನನಗೇಕೆ ಹೊಳೆಯಲಿಲ್ಲವೆಂದು ಹೊಟ್ಟೆಕಿಚ್ಚೂ ಆಯಿತು.

ಆದ್ದರಿಂದ ನನ್ನ ಪ್ರಾರ್ಥನೆ ಸಣ್ಣದು. ಆದಿತ್ಯವಾರದೊಳಗೆ ತಮ್ಮಿಂದ ಬಾಡಿಗೆ ಬಾರದಿದ್ದರೆ ನನ್ನ ತಲೆಯ ಮೇಲೆ ಸೂರಿಲ್ಲ. ಆ ಪಕ್ಷದಲ್ಲಿ ತಮ್ಮ, ಅಂದರೆ ನನ್ನ, ಮನೆಯ ಚಾವಡಿಯಲ್ಲಿ ಒಂದು ಮೂಲೆಯನ್ನು ನನಗೆ ಬಾಡಿಗೆಗೆ ದಯಪಾಲಿಸಬೇಕು. ರೇಡಿಯೋಗೆ ಅಡ್ಡವಾಗಿ ಮಲಗುವುದಿಲ್ಲ.

ತಮ್ಮ ಗೋಳಿಬಜೆಯ ಋಣದಲ್ಲಿರುವ
ತಮ್ಮ ವಿಶ್ವಾಸಿ,
ಹೃಷೀಕೇಶ ಉಪಾಧ್ಯ
ಕಾರ್ಕಳ, ೧೯೭೮

ಮರೆತ ಮಾತು: ಆದಿತ್ಯವಾರ ಮೊದಲ ಬಸ್ಸಿಗೆ ಟ್ರಂಕು, ಚಾಪೆ ಹಿಡಿದು ಹೊರಡುತ್ತೇನೆ. ಮೂಲೆಯ ಬಾಡಿಗೆ ಎಷ್ಟೆಂದು ತಾವೇ ಗೊತ್ತುಮಾಡಿ. ನಾನು ಚೌಕಾಶಿ ಮಾಡುವವನಲ್ಲ. ಕೊಡುವ.